ಸಿಗಡಿ ತೊಟ್ಟಿ

ಸಿಗಡಿ ತೊಟ್ಟಿ: ಸಿಹಿನೀರಿನ ಕಿರುಸಿಗಡಿಗಳನ್ನು ಮನೆಯಲ್ಲಿ ಸಾಕಲು ನೀರುಗಿಡ, ಮರದ ಬೊಡ್ಡೆ ಮತ್ತು ಮೃದುವಾದ ಶೋಧಕಗಳೊಂದಿಗೆ ಸಜ್ಜುಗೊಳಿಸಿದ ಚಿಕ್ಕ ಗಾಜಿನ ತೊಟ್ಟಿ. ಸಾಮಾನ್ಯವಾಗಿ ಇದು 20ರಿಂದ 60 ಲೀಟರ್ ನೀರು ಹಿಡಿಯುತ್ತದೆ. ಇದರಲ್ಲಿ ಸಾಕುವ ಸಿಗಡಿಗಳು 2ರಿಂದ 5 ಸೆಂ.ಮೀ. ಉದ್ದದವು, ದಶಪಾದಿಗಳ ಗಣಕ್ಕೂ ಅಟಿಯಿಡೀ ಕುಟುಂಬಕ್ಕೂ ಸೇರಿದವು. ಕರಾವಳಿಯ ಹೊಂಡಗಳಲ್ಲಿ ಆಹಾರಕ್ಕಾಗಿ ಬೆಳೆಸುವ ವೆನಾಮಿ ಮತ್ತು ಟೈಗರ್ ಸಿಗಡಿಗಳು ಪೀನೆಯಿಡೀ ಎಂಬ ಬೇರೆ ಕುಟುಂಬದವು. ಅವನ್ನು ಮನೆಯ ತೊಟ್ಟಿಯಲ್ಲಿ ಸಾಕಲಾಗದು.

ಮೀನಿನ ತೊಟ್ಟಿಗೂ ಸಿಗಡಿ ತೊಟ್ಟಿಗೂ ಮುಖ್ಯ ವ್ಯತ್ಯಾಸ ಎರಡು. ಸಿಗಡಿಯ ಆಹಾರದ ಬಹುಪಾಲು ತೊಟ್ಟಿಯೊಳಗೇ ಹುಟ್ಟಬೇಕು. ನೀರಿನ ಗುಣ ದಿನದಿಂದ ದಿನಕ್ಕೆ ಏರುಪೇರಾಗಬಾರದು. ಇವೆರಡೂ ಹಣ ಕೊಟ್ಟು ತರುವ ಸಾಮಗ್ರಿಯಿಂದ ಬರುವಂಥವಲ್ಲ, ತೊಟ್ಟಿಗೆ ವಯಸ್ಸಾಗಬೇಕು. ಹೊಸಬರ ತೊಟ್ಟಿಯಲ್ಲಿ ಸಿಗಡಿಗಳು ಸಾಯುವುದಕ್ಕೆ ಅವಸರವೇ ಅತಿ ಸಾಮಾನ್ಯ ಕಾರಣ.

ಇತಿಹಾಸ

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮೀನು, ನೀರುಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಗಿಡದ ಕೊಳೆತ ಎಲೆಗಳನ್ನು ತಿಂದು ಮುಗಿಸುವ ಜೀವಿ ಇದ್ದರೆ ನೀರು ಕೆಡದೆ ಉಳಿಯುತ್ತದೆಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ತೊಟ್ಟಿ ಶುಚಿಗೊಳಿಸುವ ಜೀವಿಯಾಗಿ ಸಿಗಡಿ ಹೆಸರಾದದ್ದು ಬಹಳ ತಡವಾಗಿ. ಜಪಾನಿನ ಛಾಯಾಗ್ರಾಹಕ ಹಾಗೂ ಜಲೋದ್ಯಾನ ವಿನ್ಯಾಸಕಾರ ತಕಾಶಿ ಅಮಾನೊ (1954–2015) ತನ್ನ ನೀರುಗಿಡದ ತೊಟ್ಟಿಗಳಲ್ಲಿ ಪಾಚಿ ಹತೋಟಿಗೆಂದು 1980ರ ದಶಕದಲ್ಲಿ ಕ್ಯಾರಿಡೈನಾ ಮಲ್ಟಿಡೆಂಟಾಟಾ ಜಾತಿಯನ್ನು ಬಳಸಿದ. ಆ ಸಿಗಡಿಗೆ ಇಂದು ಅಮಾನೊ ಸಿಗಡಿ ಎಂದೇ ಹೆಸರು.

ಬಣ್ಣಕ್ಕಾಗಿ ಸಿಗಡಿ ಸಾಕುವ ಹವ್ಯಾಸ 1990ರ ದಶಕದಲ್ಲಿ ಬೇರೂರಿತು. ಜಪಾನಿನ ಹಿಸಾಯಾಸು ಸುಝುಕಿ ತನ್ನ ಕಪ್ಪು-ಬಿಳುಪಿನ ಬೀ ಸಿಗಡಿಗಳ ನಡುವೆ ಹುಟ್ಟಿದ ಕೆಂಪು ಮರಿಯನ್ನು ಆಧಾರವಾಗಿಟ್ಟುಕೊಂಡು ತಲೆಮಾರುಗಳ ಆಯ್ಕೆಯಿಂದ ಕ್ರಿಸ್ಟಲ್ ರೆಡ್ ಎಂಬ ತಳಿಯನ್ನು ರೂಪಿಸಿದ. ಬಳಿಕ ತೈವಾನ್ ಮತ್ತು ಜರ್ಮನಿ ತಳಿ ಅಭಿವೃದ್ಧಿಯ ಕೇಂದ್ರಗಳಾದವು. ಮಣ್ಣಿನ ತಳಹಾಸು ಮತ್ತು ದಟ್ಟ ಗಿಡಗಳಿಂದಲೇ ತೊಟ್ಟಿಯನ್ನು ನಡೆಸುವ ಕ್ರಮವನ್ನು ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಕಡಿಮೆ ಸಲಕರಣೆಯ ಈ ಕ್ರಮ ಸಿಗಡಿ ಸಾಕಣೆಗೂ ಹೊಂದಿಕೊಂಡಿತು.

ಸಾಕುವ ಜಾತಿಗಳು

ಚೆರ್ರಿ ಸಿಗಡಿ, ಅಂದರೆ ನಿಯೋಕ್ಯಾರಿಡೈನಾ ಡೇವಿಡಿ, ಮನೆಗಳಲ್ಲಿ ಅತಿ ಹೆಚ್ಚು ಕಾಣುವ ಜಾತಿ. 1904ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಬೂವಿಯೆ ಇದನ್ನು ವಿವರಿಸಿದ. ತವರು ಪೂರ್ವ ಚೀನಾ ಮತ್ತು ಸುತ್ತಲಿನ ನಾಡುಗಳು. ಕಾಡುರೂಪ ಕಂದು ಅಥವಾ ಹಸಿರು ಛಾಯೆಯದು, ಹೆಚ್ಚುಕಡಿಮೆ ಪಾರದರ್ಶಕ. ಕೆಂಪು, ಹಳದಿ, ಕಿತ್ತಳೆ, ನೀಲಿ, ಚಾಕೊಲೇಟ್, ಕಪ್ಪು ಬಣ್ಣಗಳೆಲ್ಲ ಮನುಷ್ಯ ಆಯ್ದು ಬೆಳೆಸಿದವು. ಇವೆಲ್ಲ ಒಂದೇ ಜಾತಿಯಾದ್ದರಿಂದ ಬೇರೆ ಬೇರೆ ಬಣ್ಣದವನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕೂಡಿ ಮರಿಮಾಡುತ್ತವೆ. ಕೆಲವೇ ತಲೆಮಾರುಗಳಲ್ಲಿ ಮರಿಗಳು ಕಾಡುರೂಪದ ಮಂಕು ಕಂದಿಗೆ ಮರಳುತ್ತವೆ. ಹೀಗಾಗಿ ಒಂದು ತೊಟ್ಟಿಗೆ ಒಂದೇ ಬಣ್ಣ ಎಂಬುದು ರೂಢಿ. ಈ ಲೇಖನದ ವಿವರಣೆ ಮುಖ್ಯವಾಗಿ ಈ ಜಾತಿಗೆ ಸಂಬಂಧಿಸಿದ್ದು.

ಬೀ ಸಿಗಡಿಗಳು (ಕ್ಯಾರಿಡೈನಾ ಲೋಗೆಮನ್ನಿ ಮತ್ತು ಅದರ ಹತ್ತಿರದ ಜಾತಿಗಳು) ದಕ್ಷಿಣ ಚೀನಾದ ತೊರೆಗಳಿಂದ ಬಂದವು. ಆಮ್ಲೀಯವಾದ ಮೆದುನೀರು ಬೇಡುತ್ತವೆ. ಬಯಲುಸೀಮೆಯ ಬೇಸಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಇಂಡೊನೇಷ್ಯದ ಸುಲವೇಸಿ ದ್ವೀಪದ ಪುರಾತನ ಸರೋವರಗಳ ಸಿಗಡಿಗಳದು ತದ್ವಿರುದ್ಧ: 2009ರಲ್ಲಿ ವಿವರಿಸಲಾದ ಮತಾನೊ ಸರೋವರದ ಕ್ಯಾರಿಡೈನಾ ಡೆನ್ನರ್ಲಿ 27° ಸೆ. ಮೇಲಿನ ಬೆಚ್ಚಗಿನ, ಕ್ಷಾರೀಯ ನೀರಿನಲ್ಲಿ ಬದುಕುತ್ತದೆ. ಅಮಾನೊ ಸಿಗಡಿ ಗಟ್ಟಿಮುಟ್ಟು; ಆದರೆ ಅದರ ಲಾರ್ವಾಗಳಿಗೆ ಉಪ್ಪುನೀರು ಬೇಕಿರುವುದರಿಂದ ಸಾಮಾನ್ಯ ತೊಟ್ಟಿಯಲ್ಲಿ ವಂಶ ಬೆಳೆಯದು. ಭಾರತದಲ್ಲೂ ಕ್ಯಾರಿಡೈನಾ ಕುಲದ ಹಲವು ಜಾತಿಗಳಿವೆ. 1918ರಲ್ಲಿ ಭಾರತದ ಮಾದರಿಗಳಿಂದ ವಿವರಿಸಲಾದ ಕ್ಯಾರಿಡೈನಾ ಬಬಾಲ್ಟಿ ಹೊರದೇಶಗಳ ಹವ್ಯಾಸಿಗಳಲ್ಲೂ ಪರಿಚಿತ. ನಮ್ಮ ಹೊಳೆಗಳಲ್ಲಿ ಸಿಗುವ ಮ್ಯಾಕ್ರೋಬ್ರಾಕಿಯಂ ಕುಲದ ಸಿಗಡಿಗಳಿಗೆ ಮಾತ್ರ ಉದ್ದನೆಯ ಕೊಂಬುಗಾಲುಗಳಿದ್ದು, ಅವು ಸಣ್ಣ ಸಿಗಡಿಗಳನ್ನು ಹಿಡಿದು ತಿನ್ನುತ್ತವೆ. ಕಿರುಸಿಗಡಿಗಳ ಜೊತೆಗೆ ಬಿಡುವಂತಿಲ್ಲ.

ದೇಹರಚನೆ ಮತ್ತು ಆಹಾರಕ್ರಮ

ಕಿರುಸಿಗಡಿಯ ಮೊದಲ ಎರಡು ಜೊತೆ ಕಾಲುಗಳ ತುದಿಯಲ್ಲಿ ಪುಟ್ಟ ಚಿಮಟಗಳೂ, ಚಿಮಟದ ತುದಿಯಲ್ಲಿ ಕುಂಚದಂಥ ಕೂದಲ ಗೊಂಚಲೂ ಇರುತ್ತವೆ. ಕಲ್ಲು, ಎಲೆ, ಗಾಜು, ಬೊಡ್ಡೆಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ, ಏಕಕೋಶ ಜೀವಿ ಮತ್ತು ಪಾಚಿಗಳ ತೆಳು ಲೋಳೆಪದರವನ್ನು ಸಿಗಡಿ ಈ ಕುಂಚಗಳಿಂದ ಕೆರೆದು, ಒಂದಾದ ಮೇಲೊಂದು ಕಾಲನ್ನು ಬಾಯಿಗೊಯ್ಯುತ್ತದೆ. ಎಚ್ಚರವಿರುವಷ್ಟು ಹೊತ್ತೂ ಇದೇ ಕೆಲಸ. ಲೋಳೆಪದರವೇ ಅದರ ಮುಖ್ಯ ಆಹಾರ. ನೋಡಲು ಫಳಫಳ ಹೊಳೆಯುವ ಹೊಸ ತೊಟ್ಟಿ ಸಿಗಡಿಯ ಪಾಲಿಗೆ ಬರಿಗೈಯ ಮನೆ.

ತೊಟ್ಟಿಯ ರಚನೆ

ಒಂದು ಅಡಿ ಉದ್ದ, ಅಗಲ, ಎತ್ತರದ ತೊಟ್ಟಿ ಸುಮಾರು 28 ಲೀಟರ್ ಹಿಡಿಯುತ್ತದೆ. ಒಂದೂವರೆ ಅಡಿ ಉದ್ದದ್ದಾದರೆ ಸುಮಾರು 42 ಲೀಟರ್. ಸಿಗಡಿಯ ಗಾತ್ರ ಕಂಡು ಐದಾರು ಲೀಟರಿನ ಗಾಜಿನ ಜಾಡಿ ಸಾಕೆಂದುಕೊಳ್ಳುವವರು ಬಹಳ ಮಂದಿ. ನೀರು ಕಡಿಮೆಯಾದಷ್ಟೂ ಅದರ ಉಷ್ಣತೆಯೂ ಗುಣವೂ ಬೇಗ ಬದಲಾಗುತ್ತವೆ. ಮೊದಲ ಬಾರಿ ಸಾಕುವವರಿಗೆ ದೊಡ್ಡ ತೊಟ್ಟಿಯೇ ಸುಲಭ. ತುಂಬಿದ 42 ಲೀಟರಿನ ತೊಟ್ಟಿ ಗಾಜು, ಕಲ್ಲು ಸೇರಿ 50 ಕಿಲೋ ಮೀರಬಹುದಾದ್ದರಿಂದ ಅಲುಗದ ಸಮತಟ್ಟಾದ ಮೇಜು ಅಗತ್ಯ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಬಾರದು.

ಶೋಧಕವಾಗಿ ಸ್ಪಾಂಜ್ ಫಿಲ್ಟರ್ ಬಳಸುವುದು ಸರ್ವಸಾಮಾನ್ಯ. ಏರ್ ಪಂಪಿನ ಗಾಳಿ ಸ್ಪಾಂಜಿನ ಮೂಲಕ ನೀರನ್ನು ಎಳೆಯುತ್ತದೆ. ಸ್ಪಾಂಜಿನ ರಂಧ್ರಗಳಲ್ಲಿ ಉಪಯುಕ್ತ ಬ್ಯಾಕ್ಟೀರಿಯಾ ನೆಲೆಸುತ್ತವೆ. ಮೇಲ್ಮೈಗೆ ಕೂತ ಕಸವನ್ನು ಮರಿಗಳು ಮೇಯುತ್ತವೆ. ಮೋಟಾರಿನ ಫಿಲ್ಟರ್ ಹಾಕುವುದಾದರೆ ಅದರ ಬಾಯಿಗೆ ಸ್ಪಾಂಜ್ ಸುತ್ತಲೇಬೇಕು, ಇಲ್ಲವಾದರೆ ಮರಿಗಳು ಒಳಸೇರಿ ಸಾಯುತ್ತವೆ. ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಕರೆಂಟ್ ಹೋದಾಗ ಸ್ಪಾಂಜಿಗೆ ಆಮ್ಲಜನಕ ನಿಲ್ಲುವುದರಿಂದ ವಿದ್ಯುತ್ ಕಡಿತ ಹೆಚ್ಚಿರುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಅಥವಾ ಮನೆಯ ಯುಪಿಎಸ್ ಸಂಪರ್ಕ ಇಟ್ಟುಕೊಳ್ಳುತ್ತಾರೆ.

ತಳಹಾಸಿಗೆ ಚೆನ್ನಾಗಿ ತೊಳೆದ ದಪ್ಪ ಮರಳು ಅಥವಾ ಸಣ್ಣ ನುರುಜುಗಲ್ಲು ಸಾಕು. ಸುಣ್ಣಕಲ್ಲು, ಹವಳ, ಕಪ್ಪೆಚಿಪ್ಪು ಬೆರೆತಿದ್ದರೆ ನೀರಿನ ಗಡಸುತನ ಏರುತ್ತದೆ. ಕಲ್ಲಿನ ಮೇಲೆ ವಿನಿಗರ್ ಹನಿಸಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬೇಕು. ಅಕ್ವಾ ಸಾಯಿಲ್ ಎಂಬ ಸುಟ್ಟ ಮಣ್ಣಿನ ಕಾಳುಗಳು ಪಿಎಚ್ ಇಳಿಸುತ್ತವಾದ್ದರಿಂದ ಬೀ ಸಿಗಡಿಗಳಿಗೆ ಬಳಸುತ್ತಾರೆ, ಚೆರ್ರಿ ಸಿಗಡಿಗೆ ಅದರ ಅಗತ್ಯವಿಲ್ಲ.

ಗಿಡಗಳಲ್ಲಿ ಜಾವಾ ಮಾಸ್ ಮುಖ್ಯವಾದದ್ದು: ಅದರ ಸಣ್ಣ ಎಳೆಗಳ ಮೇಲೆ ಲೋಳೆಪದರ ಹೇರಳವಾಗಿ ಬೆಳೆಯುತ್ತದೆ, ಮರಿಗಳಿಗೆ ಅಡಗುತಾಣವೂ ಆಗುತ್ತದೆ. ಜಾವಾ ಫರ್ನ್, ಅನುಬಿಯಾಸ್, ಹಾರ್ನ್‌ವರ್ಟ್ ಕಡಿಮೆ ಬೆಳಕಿನಲ್ಲೂ ಬದುಕುತ್ತವೆ. ನಮ್ಮ ಕೆರೆಗಳ ಅಂತರಗಂಗೆ ನೈಟ್ರೇಟನ್ನು ಚೆನ್ನಾಗಿ ಹೀರುತ್ತದೆ. ಆದರೆ ಕೆರೆಯಿಂದ ನೇರವಾಗಿ ತಂದ ಗಿಡಗಳೊಂದಿಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ಬರುತ್ತವೆ. ಒಂದೇ ಹುಳು ದಿನಕ್ಕೊಂದರಂತೆ ಸಿಗಡಿಗಳನ್ನು ಮುಗಿಸಬಲ್ಲದು. ಗಿಡಗಳನ್ನು ಬೇರೆ ಬಕೆಟ್ಟಿನಲ್ಲಿ ಒಂದೆರಡು ವಾರ ಇಟ್ಟು ನೋಡಿ ಬಳಿಕ ನೆಡುವುದು ಕ್ಷೇಮ. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡನ್ನು ಹಾಕಿದರೆ ಅದು ನಿಧಾನವಾಗಿ ಕಳಿತು, ನರಗಳ ಬಲೆ ಮಾತ್ರ ಉಳಿಯುವವರೆಗೂ ಸಿಗಡಿಗಳು ಮೇಯುತ್ತವೆ. ಎಲೆಯ ಟ್ಯಾನಿನ್‌ನಿಂದ ನೀರು ಚಹಾದ ಬಣ್ಣಕ್ಕೆ ತಿರುಗುವುದು ಸಹಜ.

ನೀರು

ಚೆರ್ರಿ ಸಿಗಡಿಗೆ ಹೊಂದುವ ಮಿತಿಗಳು ಹೀಗಿವೆ: ಪಿಎಚ್ 6.5ರಿಂದ 8, ಒಟ್ಟು ಗಡಸುತನ (ಜಿಎಚ್) 6ರಿಂದ 10 ಡಿಗ್ರಿ, ಕಾರ್ಬೊನೇಟ್ ಗಡಸುತನ (ಕೆಎಚ್) 2ರಿಂದ 6 ಡಿಗ್ರಿ, ಕರಗಿದ ಲವಣಾಂಶ (ಟಿಡಿಎಸ್) ಲೀಟರಿಗೆ 150ರಿಂದ 300 ಮಿ.ಗ್ರಾಂ.; ಉಷ್ಣತೆ 20°ರಿಂದ 26° ಸೆ. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ. ಒಳಗಿರಬೇಕು. ಬೀ ಸಿಗಡಿಗಳಿಗೆ ಪಿಎಚ್ 5.5ರಿಂದ 6.5, ಗಡಸುತನ 4ರಿಂದ 6 ಡಿಗ್ರಿ, ಉಷ್ಣತೆ 20°ರಿಂದ 24° ಸೆ.

ಒಂದು ಡಿಗ್ರಿ ಗಡಸುತನವೆಂದರೆ ಲೀಟರಿಗೆ 17.8 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಅಪೇಕ್ಷಿತ ಮಿತಿ 200 ಮಿ.ಗ್ರಾಂ., ಅಂದರೆ ಸುಮಾರು 11 ಡಿಗ್ರಿ. ಬೇರೆ ನೀರಿಲ್ಲದಾಗ 600 ಮಿ.ಗ್ರಾಂ. ತನಕ ಅವಕಾಶವಿದೆ, ಅದು 33 ಡಿಗ್ರಿ ಮೀರುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ನೀರು ಈ ಎರಡರ ನಡುವೆ ಇರುವುದು ಅಪರೂಪವಲ್ಲ. ಮನುಷ್ಯರು ಕುಡಿಯಬಹುದಾದ ಆ ನೀರು ಸಿಗಡಿಗೆ ಗಡಸು. ಮನೆಯ ಆರ್‌ಒ ಯಂತ್ರದ ನೀರು ಇನ್ನೊಂದು ತುದಿ: ಅದರಲ್ಲಿ ಲವಣಗಳೇ ಇಲ್ಲದಷ್ಟು ಕಡಿಮೆ. ಎರಡನ್ನೂ ಬೆರೆಸುವುದು ಅಗ್ಗದ ದಾರಿ. 20 ಡಿಗ್ರಿಯ ಕೊಳವೆಬಾವಿ ನೀರು ಒಂದು ಪಾಲಿಗೆ ಆರ್‌ಒ ನೀರು ಎರಡು ಪಾಲು ಸೇರಿಸಿದರೆ ಗಡಸುತನ ಏಳು ಡಿಗ್ರಿಯ ಹತ್ತಿರ ಬರುತ್ತದೆ. ಬರಿಯ ಆರ್‌ಒ ನೀರನ್ನೇ ಬಳಸುವವರು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಲವಣಪುಡಿ ಕರಗಿಸಿಕೊಳ್ಳುತ್ತಾರೆ.

ನಗರದ ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ. ನೀರಿನ ಸಂಪ್‌ಗೆ ಬ್ಲೀಚಿಂಗ್ ಪುಡಿ ಹಾಕಿದ ದಿನವಂತೂ ಬಹಳ. ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಸೋಡಿಯಂ ಥಯೋಸಲ್ಫೇಟ್ ಇರುವ ಆ್ಯಂಟಿ-ಕ್ಲೋರಿನ್ ದ್ರಾವಣ ಕೂಡಲೇ ಕೆಲಸ ಮಾಡುತ್ತದೆ.

ಬೇಸಗೆಯ ಉಷ್ಣತೆ ಕರ್ನಾಟಕದ ಸಾಕಣೆಗಾರರ ದೊಡ್ಡ ತೊಡಕು. 20° ಸೆ. ನೀರಿನಲ್ಲಿ ಲೀಟರಿಗೆ ಸುಮಾರು 9.1 ಮಿ.ಗ್ರಾಂ. ಆಮ್ಲಜನಕ ಕರಗಬಲ್ಲದು, 30°ಯಲ್ಲಿ ಅದು 7.6ಕ್ಕೆ ಇಳಿಯುತ್ತದೆ. ಅದೇ ವೇಳೆಗೆ ಸಿಗಡಿಯ ಉಸಿರಾಟದ ಅಗತ್ಯ ಏರುತ್ತದೆ, ಅಮೋನಿಯದ ವಿಷವೂ ಹೆಚ್ಚುತ್ತದೆ. ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಹೆಚ್ಚಿನ ಏರ್ಪಾಟು ಬೇಕಾಗದು. ಕಲಬುರಗಿ, ರಾಯಚೂರುಗಳ ಏಪ್ರಿಲ್–ಮೇ ತಿಂಗಳುಗಳಲ್ಲಿ ತಂಪು ಮಾಡದೆ ಉಳಿಸುವುದು ಕಷ್ಟ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬೀಸಿದರೆ ಆವಿಯಾಗುವಿಕೆಯಿಂದ 2ರಿಂದ 4 ಡಿಗ್ರಿ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯದ ಫಲ ಕಡಿಮೆ. ಆವಿಯಾದಾಗ ಲವಣಗಳು ತೊಟ್ಟಿಯಲ್ಲೇ ಉಳಿಯುವುದರಿಂದ ಕಡಿಮೆಯಾದ ನೀರನ್ನು ಆರ್‌ಒ ನೀರಿನಿಂದಲೇ ತುಂಬಬೇಕು. ನಲ್ಲಿನೀರಿನಿಂದ ತುಂಬುತ್ತ ಹೋದರೆ ಗಡಸುತನ ಗೊತ್ತಿಲ್ಲದಂತೆ ಏರುತ್ತದೆ.

ಪಕ್ವಗೊಳಿಸುವುದು

ಜೀವಿಗಳ ವಿಸರ್ಜನೆ ಮತ್ತು ಕೊಳೆಯುವ ಪದಾರ್ಥಗಳಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಮೊದಲೆರಡು ವಿಷ, ಮೂರನೆಯದನ್ನು ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು 4ರಿಂದ 6 ವಾರ ಬೇಕು. ಗಿಡ ನೆಟ್ಟು, ಫಿಲ್ಟರ್ ನಡೆಸಿ, ಚಿಟಿಕೆ ಮೀನಿನ ಆಹಾರ ಹಾಕುತ್ತ ಪರೀಕ್ಷಾ ಕಿಟ್‌ನಿಂದ ಅಳೆಯುತ್ತಾರೆ. ಅಮೋನಿಯ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ; ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿದಾಗ ನೀರು ಸಿದ್ಧ. ಹಳೆಯ ತೊಟ್ಟಿಯ ಸ್ಪಾಂಜನ್ನು ತಂದು ಹಾಕಿದರೆ ಅವಧಿ ತಗ್ಗುತ್ತದೆ. ನೀರು ಸಿದ್ಧವಾದ ಮೇಲೂ ಲೋಳೆಪದರಕ್ಕಾಗಿ ಇನ್ನೂ ಕೆಲವು ವಾರ ಕಾಯುವುದು ಉತ್ತಮ. ಗಾಜಿನ ಮೇಲೆ ತೆಳು ಹಸಿರು ಪಾಚಿ ಹಬ್ಬಿರುವುದು ಒಳ್ಳೆಯ ಗುರುತು, ಅದನ್ನು ಒರೆಸಬೇಕಿಲ್ಲ.

ಸಿಗಡಿ ಬಿಡುವ ಕ್ರಮ

30 ಲೀಟರಿಗೆ 10ರಿಂದ 15 ಸಿಗಡಿಗಳಿಂದ ಆರಂಭಿಸುತ್ತಾರೆ. ತಂದ ಚೀಲದ ನೀರಿಗೂ ತೊಟ್ಟಿಯ ನೀರಿಗೂ ಲವಣಾಂಶ ಬೇರೆಯಿರುವುದರಿಂದ ನೇರವಾಗಿ ಸುರಿಯಬಾರದು. ಸಿಗಡಿಗಳನ್ನು ಅವುಗಳ ನೀರಿನ ಸಮೇತ ಪಾತ್ರೆಯಲ್ಲಿಟ್ಟು, ಏರ್ ಪಂಪಿನ ಸಣ್ಣ ಕೊಳವೆಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸುತ್ತಾರೆ. ಔಷಧಿ ಅಂಗಡಿಯ ಡ್ರಿಪ್ ಸೆಟ್ಟೂ ಇದಕ್ಕೆ ಅನುಕೂಲ. ಪಾತ್ರೆಯ ನೀರು ಮೂರು ಪಟ್ಟಾಗುವವರೆಗೆ, ಒಂದರಿಂದ ಎರಡು ಗಂಟೆ, ಹೀಗೆ ಮಾಡಿ ಬಲೆಯಿಂದ ಎತ್ತಿ ತೊಟ್ಟಿಗೆ ಬಿಡುತ್ತಾರೆ. ಚೀಲದ ನೀರನ್ನು ತೊಟ್ಟಿಗೆ ಸೇರಿಸುವುದಿಲ್ಲ.

ಜೊತೆಗೆ ಬಸವನಹುಳುಗಳನ್ನು ಇಡಬಹುದು. ಗಪ್ಪಿಯಂಥ ಚಿಕ್ಕ ಮೀನುಗಳೂ ಸಿಗಡಿಯ ಮರಿಗಳನ್ನು ತಿನ್ನುತ್ತವೆ. ವಂಶ ಬೆಳೆಯಬೇಕೆಂದರೆ ಮೀನಿಲ್ಲದ ತೊಟ್ಟಿಯೇ ಸರಿ.

ಪಾಲನೆ

ಹೊರಗಿನ ಆಹಾರ ವಾರಕ್ಕೆ ಎರಡು ಮೂರು ಸಲ ಸಾಕು. ಬಿಸಿನೀರಿನಲ್ಲಿ ಬಾಡಿಸಿದ ಪಾಲಕ್, ಸೌತೆಕಾಯಿ ಹೋಳು, ಕ್ಯಾರೆಟ್, ಸಿಗಡಿಗೆಂದೇ ಮಾಡಿದ ಕಾಳುಗಳು ರೂಢಿಯಲ್ಲಿವೆ. ಹಿಪ್ಪುನೇರಳೆ ಸೊಪ್ಪು ಸಿಗಡಿ ಸಾಕುವವರಲ್ಲಿ ಎಲ್ಲೆಡೆ ಮೆಚ್ಚಿನ ಆಹಾರ. ರೇಷ್ಮೆ ನಾಡಾದ ರಾಮನಗರ, ಕೋಲಾರದ ಸುತ್ತ ಅದು ಸುಲಭವಾಗಿ ಸಿಗುತ್ತದೆ, ಔಷಧಿ ಸಿಂಪಡಿಸದ ತೋಟದ್ದೇ ಆಗಿರಬೇಕು. ಎರಡು ಮೂರು ಗಂಟೆಯಲ್ಲಿ ತಿನ್ನದೆ ಉಳಿದ ಆಹಾರವನ್ನು ತೆಗೆದುಬಿಡಬೇಕು. ವಾರಕ್ಕೋ ಹದಿನೈದು ದಿನಕ್ಕೋ ನೂರಕ್ಕೆ 10ರಿಂದ 15 ಪಾಲು ನೀರನ್ನು, ಅದೇ ಗುಣದ ಮತ್ತು ಅದೇ ಉಷ್ಣತೆಯ ನೀರಿನಿಂದ ನಿಧಾನವಾಗಿ ಬದಲಿಸುತ್ತಾರೆ.

ಪೊರೆ ಕಳಚುವುದು

ಸಿಗಡಿಯ ಹೊರಕವಚ ಕೈಟಿನ್ ಮತ್ತು ಕ್ಯಾಲ್ಸಿಯಂ ಲವಣಗಳಿಂದ ಆದದ್ದು, ದೇಹದೊಂದಿಗೆ ಬೆಳೆಯುವುದಿಲ್ಲ. ಬೆಳೆದ ಸಿಗಡಿ ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ, ಮರಿ ಅದಕ್ಕಿಂತ ಬೇಗ ಬೇಗ ಇದನ್ನು ಕಳಚುತ್ತದೆ. ಕಳಚುವ ಮುನ್ನ ಸಿಗಡಿ ಮೇಯುವುದನ್ನು ಬಿಟ್ಟು ಮರೆಗೆ ಸರಿಯುತ್ತದೆ. ತಲೆಯ ಕವಚ ಮತ್ತು ಹೊಟ್ಟೆಯ ಕವಚಗಳ ಸಂದು ಬೆನ್ನ ಕಡೆ ಬಿರಿದು, ಒಂದೇ ಕೊಡವಿಗೆ ಅಲ್ಲಿಂದ ಹೊರಜಿಗಿಯುತ್ತದೆ. ಮೀಸೆ, ಕಾಲು, ಕಣ್ಣಿನ ಹೊದಿಕೆ ಸಮೇತ ಉಳಿಯುವ ಪೊರೆಯನ್ನು ಸತ್ತ ಸಿಗಡಿಯೆಂದು ಭ್ರಮಿಸುವವರುಂಟು. ಪೊರೆ ಟೊಳ್ಳು, ಪಾರದರ್ಶಕ. ಸತ್ತ ಸಿಗಡಿ ಬೇಯಿಸಿದಂತೆ ಗುಲಾಬಿ ಛಾಯೆಗೆ ತಿರುಗಿ ಮಬ್ಬಾಗುತ್ತದೆ. ಪೊರೆಯನ್ನು ತೊಟ್ಟಿಯಲ್ಲೇ ಬಿಡಬೇಕು. ಲವಣಕ್ಕಾಗಿ ಸಿಗಡಿಗಳು ಅದನ್ನು ತಿನ್ನುತ್ತವೆ.

ಸಂದು ಬಿರಿದರೂ ಹೊರಬರಲಾಗದೆ ಸಾಯುವ ಸಿಗಡಿಯ ಕುತ್ತಿಗೆಯ ಸುತ್ತ ಬಿಳಿ ಉಂಗುರ ಕಾಣುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದಿರುವುದು, ಅಥವಾ ಒಮ್ಮೆಲೇ ಹೆಚ್ಚು ನೀರು ಬದಲಿಸಿದ್ದರಿಂದ ಅಕಾಲದಲ್ಲಿ ಪೊರೆ ಬಿಚ್ಚುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಸಂತಾನ

ಮರಿ ಎರಡು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತದೆ. ಹೆಣ್ಣು ದೊಡ್ಡದು, ಗಾಢ ಬಣ್ಣದ್ದು, ಹೊಟ್ಟೆಯ ಭಾಗ ಅಗಲವಾದದ್ದು. ಅಂಡಾಶಯ ತುಂಬಿದಾಗ ತಲೆಯ ಹಿಂದೆ ಬೆನ್ನ ಮೇಲೆ ಜೀನು ಹಾಕಿದಂತೆ ಹಳದಿ ಅಥವಾ ಹಸಿರು ಮಚ್ಚೆ ತೋರುತ್ತದೆ. ಹೆಣ್ಣು ಪೊರೆ ಕಳಚಿದೊಡನೆ ನೀರಿಗೆ ಬಿಡುವ ರಾಸಾಯನಿಕ ಸಂಕೇತಕ್ಕೆ ಗಂಡುಗಳು ತೊಟ್ಟಿಯ ತುಂಬ ಎಡೆಬಿಡದೆ ಈಜುತ್ತವೆ. ಫಲಿತ ಮೊಟ್ಟೆಗಳು, ಸುಮಾರು 20ರಿಂದ 30, ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಕೊಂಡಿರುತ್ತವೆ. ತಾಯಿ ಆ ಕಾಲುಗಳನ್ನು ಸದಾ ಬೀಸುತ್ತ ಮೊಟ್ಟೆಗಳಿಗೆ ಹೊಸ ನೀರು ತಾಗುವಂತೆ ನೋಡಿಕೊಳ್ಳುತ್ತದೆ. ನಾಲ್ಕು ವಾರದ ಹೊತ್ತಿಗೆ, ಲಾರ್ವಾ ಹಂತವಿಲ್ಲದೆ, ತಾಯಿಯದೇ ರೂಪದ ಸುಮಾರು 2 ಮಿ.ಮೀ. ಮರಿಗಳು ಹೊರಬರುತ್ತವೆ. ಆಯುಸ್ಸು ಒಂದರಿಂದ ಎರಡು ವರ್ಷ.

ಅಪಾಯಗಳು

ತಾಮ್ರ ಸಿಗಡಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಮೀನಿನ ಹಲವು ಔಷಧಿಗಳಲ್ಲಿ ತಾಮ್ರದ ಸಲ್ಫೇಟ್ ಇರುತ್ತದೆ. ತಾಮ್ರದ ಪಾತ್ರೆಯಲ್ಲಿಟ್ಟ ನೀರನ್ನೂ ಬಳಸಬಾರದು. ನಮ್ಮ ಮನೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಅಪಾಯ ಸೊಳ್ಳೆ ಔಷಧಿ. ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ದ್ರವ, ಜಿರಳೆ ಸ್ಪ್ರೇಗಳಲ್ಲಿರುವ ಪೈರಿಥ್ರಾಯ್ಡ್‌ಗಳು ಕೀಟಗಳಿಗೆ ಮಾತ್ರವಲ್ಲ, ಅವುಗಳ ಬಂಧುಗಳಾದ ಸಿಗಡಿಯಂಥ ಕಠಿಣಚರ್ಮಿಗಳಿಗೂ ಮಾರಕ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಕೊಡುವುದರಿಂದ ತೊಟ್ಟಿ ಇರುವ ಕೋಣೆಯಲ್ಲಿ ಇವನ್ನು ಬಳಸದೆ ಸೊಳ್ಳೆಪರದೆ ಕಟ್ಟುವುದೊಂದೇ ಖಚಿತ ಮಾರ್ಗ. ಬೀದಿಯಲ್ಲಿ ಫಾಗಿಂಗ್ ನಡೆಯುವಾಗ ಕಿಟಕಿ ಮುಚ್ಚಿ ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು.

ರೋಗಗಳಲ್ಲಿ ಮೂತಿಯ ತುದಿಗೆ ಬಿಳಿ ಎಳೆಗಳಂತೆ ಅಂಟುವ ಸ್ಕೂಟರಿಯೆಲ್ಲಾ ಹುಳು ಮತ್ತು ಬೂಷ್ಟಿನಂತೆ ಕಾಣುವ ವೋರ್ಟಿಸೆಲ್ಲಾ ಏಕಕೋಶಿ ಸಾಮಾನ್ಯ. ಎರಡಕ್ಕೂ ಉಪ್ಪುನೀರಿನಲ್ಲಿ ಕ್ಷಣಕಾಲ ಅದ್ದುವ ಚಿಕಿತ್ಸೆ ಇದೆ. ಹೆಚ್ಚು ಆಹಾರ ಹಾಕಿದ ತೊಟ್ಟಿಯಲ್ಲಿ ಹೈಡ್ರಾ, ಪ್ಲನೇರಿಯಾ ಹೆಚ್ಚುತ್ತವೆ; ಇವು ಮರಿಗಳಿಗೆ ಅಪಾಯಕಾರಿ.

ಇಂದಿನ ಸ್ಥಿತಿ

ಭಾರತದಲ್ಲಿ ಚೆನ್ನೈನ ಕೊಳತ್ತೂರು, ಕೋಲ್ಕತ್ತದ ಗ್ಯಾಲಿಫ್ ಸ್ಟ್ರೀಟ್ ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಹೆಸರಾದ ಸ್ಥಳಗಳು. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲೂ ಚೆರ್ರಿ ಸಿಗಡಿ ದೊರೆಯುತ್ತದೆ. ಅಂಗಡಿಗಿಂತ, ಅದೇ ಊರಿನ ನೀರಿನಲ್ಲಿ ತಲೆಮಾರುಗಳಿಂದ ಬೆಳೆಸಿದ ಹವ್ಯಾಸಿಗಳಿಂದ ಕೊಂಡ ಸಿಗಡಿಗಳು ಬೇಗ ಒಗ್ಗುತ್ತವೆ.

ತವರಿನ ಹೊರಗೆ ಚೆರ್ರಿ ಸಿಗಡಿ ನೆಲೆಯೂರಿದ ಉದಾಹರಣೆಗಳಿವೆ. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಗಿಲ್‌ಬಾಖ್ ತೊರೆಯಲ್ಲಿ ಅದರ ಸಂತತಿ ದಾಖಲಾಗಿದೆ. ಹವಾಯಿಯ ತೊರೆಗಳಲ್ಲೂ ಇದೇ ಕುಲದ ಸಿಗಡಿ ಹರಡಿದೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ನಮ್ಮದೇ ಸಿಗಡಿ ಜಾತಿಗಳಿವೆ. ಹೊರಗಿನ ಸಿಗಡಿ ಅವುಗಳ ಆಹಾರಕ್ಕೆ ಪೈಪೋಟಿಯನ್ನೂ ರೋಗಗಳನ್ನೂ ತರಬಲ್ಲದು. ಸಂಖ್ಯೆ ಮಿತಿಮೀರಿದ ಅಥವಾ ಬೇಡವಾದ ಸಿಗಡಿಗಳನ್ನು ಇನ್ನೊಬ್ಬ ಸಾಕಣೆಗಾರರಿಗೋ ಅಂಗಡಿಗೋ ಕೊಡಬೇಕು. ಕೆರೆ, ಹೊಳೆ, ಚರಂಡಿಗಳಿಗೆ ಬಿಡಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲೂ ಮರಿಗಳಿರಬಹುದಾದ್ದರಿಂದ ಅದನ್ನು ಗಿಡಗಳ ಬುಡಕ್ಕೆ ಸುರಿಯುವುದು ಸರಿಯಾದ ಕ್ರಮ.